ಕೋಡಿಗೆ ಬಲೆ ಕಟ್ಟಬೇಡಿ: ತೋಟದ ಕೆರೆಯ ಮಣ್ಣಿನ ಏರಿ ಕಾಯುವ ಕ್ರಮ

ಆಷಾಢದ ಒಂದು ರಾತ್ರಿ ಹನ್ನೊಂದು ಗಂಟೆಗೆ ಭಾವನ ಫೋನ್ ಬಂತು. ಮಲೆನಾಡಿನಲ್ಲಿ ಅವರದ್ದೊಂದು ಹೋಮ್‌ಸ್ಟೇ ಇದೆ. ಅದರ ಹಿಂದೆ ಅರ್ಧ ಎಕರೆಯ ಕೆರೆ, ಹದಿಮೂರು ಅಡಿ ಎತ್ತರದ ಮಣ್ಣಿನ ಏರಿ. "ನೀರು ಏರಿ ಮೇಲೆ ಬರೋ ಹಾಗಿದೆ ಮಾರಾಯ, ಕೋಡೀಲಿ ಮಾತ್ರ ಹೋಗ್ತಾನೇ ಇಲ್ಲ" ಅಂದರು. ಹೋಗಿ ಟಾರ್ಚ್ ಬಿಟ್ಟು ನೋಡಿದರೆ ಕಾರಣ ಎದುರಿಗೇ ಇತ್ತು. ಬಿಟ್ಟ ಕಾಟ್ಲಾ, ರೋಹು ಮರಿಗಳು ಕೊಚ್ಚಿ ಹೋಗಬಾರದು ಅಂತ, ಹೆಚ್ಚಾದ ನೀರು ಹೊರಗೆ ಹರಿಯಲು ಬಿಟ್ಟ ಕೋಡಿಗೆ ಅಡ್ಡ ಬಲೆ ಕಟ್ಟಿದ್ದರು. ಸಿಲ್ವರ್ ಓಕ್ ಎಲೆ, ಕಾಫಿ ರೆಂಬೆ, ಒಂದು ಹಳೇ ಗೊಬ್ಬರದ ಚೀಲ ಎಲ್ಲ ಬಂದು ಅದಕ್ಕೆ ಅಂಟಿಕೊಂಡು, ಬಲೆ ಗೋಡೆ ಥರ ನಿಂತಿತ್ತು. ನೀರಿಗೂ ಏರಿಯ ತಲೆಗೂ ಒಂದೇ ಗೇಣು ಅಂತರ. ಸೊಂಟಕ್ಕೆ ಹಗ್ಗ ಕಟ್ಟಿಕೊಂಡು, ದಡದಲ್ಲೇ ಮಲಗಿ, ಉದ್ದ ಕೋಲಿಗೆ ಕಟ್ಟಿದ ಕತ್ತಿಯಿಂದ ಬಲೆ ಕೊಯ್ದೆವು. ಬೆಳಗಿನ ಜಾವಕ್ಕೆ ನೀರು ಎರಡು ಅಡಿ ಇಳಿದಿತ್ತು.

ಇದೇ ತಪ್ಪನ್ನು ಅಮೆರಿಕದ ಶ್ರೀಮಂತರು ನಮಗಿಂತ ಬಹಳ ಮುಂಚೆ ಮಾಡಿದ್ದರು. ಪೆನ್ಸಿಲ್ವೇನಿಯಾದ ಸೌತ್ ಫೋರ್ಕ್ ಅಣೆಕಟ್ಟು ಸುಮಾರು 22 ಮೀಟರ್ ಎತ್ತರದ ಮಣ್ಣಿನ ಏರಿ. ಕಾಲುವೆಗೆ ನೀರು ಕೊಡಲು ಕಟ್ಟಿದ್ದು, ಆಮೇಲೆ ಒಂದು ಮೀನುಬೇಟೆ ಕ್ಲಬ್ಬಿನ ಕೈಗೆ ಬಂತು. ಆಂಡ್ರೂ ಕಾರ್ನೆಗಿ ಕೂಡ ಅದರ ಸದಸ್ಯ. ಮೀನು ತಪ್ಪಿಸಿಕೊಳ್ಳದಿರಲಿ ಎಂದು ಕ್ಲಬ್ಬಿನವರು ಕೋಡಿಗೆ ಜಾಲರಿ ಹಾಕಿದರು. ಸಾರೋಟು ಓಡಾಡಲು ಏರಿಯ ತಲೆ ತಗ್ಗಿಸಿ ಅಗಲ ಮಾಡಿದರು. ತಳದಿಂದ ನೀರು ಹೊರಬಿಡುವ ತೂಬಿನ ಕಬ್ಬಿಣದ ಪೈಪುಗಳನ್ನು ಅವರಿಗಿಂತ ಮೊದಲಿನ ಮಾಲೀಕ ಆಗಲೇ ಕಿತ್ತು ಗುಜರಿಗೆ ಮಾರಿದ್ದ. 1889ರ ಮೇ 31ರಂದು ದೊಡ್ಡ ಮಳೆಗೆ ಜಾಲರಿ ಕಟ್ಟಿಕೊಂಡಿತು, ನೀರು ಏರಿಯ ಮೇಲೇ ಹರಿಯಿತು, ಏರಿ ಹೋಯಿತು. ಕೆಳಗಿನ ಜಾನ್ಸ್‌ಟೌನ್ ಊರಲ್ಲಿ, ದಾರಿಯಲ್ಲಿ 2,200ಕ್ಕೂ ಹೆಚ್ಚು ಜನ ಸತ್ತರು.

ನಮ್ಮ ತೋಟದ ಕೆರೆಗಳು ಅಷ್ಟು ದೊಡ್ಡವಲ್ಲ. ಆದರೆ ಗದ್ದೆಗೆ ನೀರು ಬಿಡುವ ಕೆರೆಯನ್ನು ನೀರುಗಂಟಿ ದಿನಾ ನೋಡುತ್ತಿದ್ದ. ದೋಣಿ ಬಿಡಲು, ಗಾಳ ಹಾಕಲು ಇಟ್ಟುಕೊಂಡ ಕೆರೆಯನ್ನು ನೋಡುವವರು ಯಾರೂ ಇರುವುದಿಲ್ಲ. ಅದನ್ನು ಚೆಂದ ಮಾಡುವವರು ಮಾತ್ರ ಸಿಗುತ್ತಾರೆ. ನಾನು ಕಂಡಂತೆ ಏರಿ ಕೆಡುವುದು ಬಹಳ ಸಲ ಈ ಚೆಂದ ಮಾಡುವ ಕೆಲಸದಿಂದಲೇ. ಹಾಗಾಗಿ ಮೇ ತಿಂಗಳಲ್ಲಿ, ಮಳೆ ಹಿಡಿಯುವ ಮುಂಚೆ, ಈ ಕ್ರಮದಲ್ಲಿ ಒಂದು ಸುತ್ತು ಹಾಕಿ.

1. ಮೊದಲು ಅಳತೆ ತೆಗೆಯಿರಿ

ಒಂದು ನೋಟ್‌ಬುಕ್ ಸಾಕು. ಏರಿಯ ಎತ್ತರ, ಉದ್ದ, ತಲೆಯ ಅಗಲ, ಕೋಡಿಯ ಅಗಲ, ಕೋಡಿಯ ತಳದಿಂದ ಏರಿಯ ತಲೆಗೆ ಎಷ್ಟು ಅಂತರ, ಇಷ್ಟನ್ನು ಬರೆಯಿರಿ. ಎತ್ತರವನ್ನು ಹೊರಗಡೆಯ ಬುಡದಿಂದ ಅಳೆಯಬೇಕು, ನೀರಿನ ಮಟ್ಟದಿಂದ ಅಲ್ಲ. ನೀರಿನ ಕಡೆ ಇಳಿಜಾರು ಒಂದಕ್ಕೆ ಎರಡೂವರೆ-ಮೂರು, ಹೊರಗಡೆ ಒಂದಕ್ಕೆ ಎರಡು ಇದ್ದರೆ ಸಾಮಾನ್ಯವಾಗಿ ಸರಿ. ಅಂದರೆ ಹತ್ತು ಅಡಿ ಎತ್ತರಕ್ಕೆ ಹೊರಮೈ ಇಪ್ಪತ್ತು ಅಡಿ ಚಾಚಿರಬೇಕು. ಹೊರಮೈ ಹತ್ತುವಾಗ ಕೈ ಊರಬೇಕಾಯಿತೇ? ಹಾಗಾದರೆ ತೀರಾ ಕಡಿದಾಗಿದೆ.

ಏರಿಯ ತಲೆ ಮಟ್ಟವಾಗಿದೆಯಾ ಅಂತ ಕಣ್ಣಳತೆಯಲ್ಲಿ ನೋಡಬೇಡಿ. ಗಾರೆ ಕೆಲಸದವರ ನೀರು ತುಂಬಿದ ಲೆವೆಲ್ ಟ್ಯೂಬ್ ತನ್ನಿ. ಮಣ್ಣು ವರ್ಷಗಳಲ್ಲಿ ಕೂರುತ್ತದೆ, ಅದೂ ನಡುವೆ, ಏರಿ ಎಲ್ಲಿ ಅತಿ ಎತ್ತರವೋ ಅಲ್ಲೇ ಜಾಸ್ತಿ. ಭಾವನ ಏರಿಯಲ್ಲಿ ನಡುವಿನ ತಗ್ಗು ಎಂಟು ಇಂಚು ಸಿಕ್ಕಿತು. ಕಣ್ಣಿಗೆ ಅದು ಕಾಣಿಸಿಯೇ ಇರಲಿಲ್ಲ. ನೀರು ಉಕ್ಕಿದ್ದರೆ ಮೊದಲು ಹರಿಯುತ್ತಿದ್ದದ್ದು ಆ ತಗ್ಗಿನಲ್ಲೇ.

ಒಂದು ಲೆಕ್ಕ ತಲೆಯಲ್ಲಿರಲಿ. ಅರ್ಧ ಎಕರೆ ಕೆರೆ, ಸರಾಸರಿ ಎರಡು ಮೀಟರ್ ಆಳ ಅಂದರೆ ಹತ್ತಿರ ಹತ್ತಿರ 40 ಲಕ್ಷ ಲೀಟರ್. ತೂಕದಲ್ಲಿ 4,000 ಟನ್. "ಸುಮ್ನೆ ಒಂದು ಹೊಂಡ ಕಣ್ರೀ" ಅನ್ನುವವರಿಗೆ ಈ ಅಂಕಿ ಹೇಳಿ.

2. ಕೋಡಿ ಸಾಕಾಗುತ್ತದೆಯೇ?

ಮಣ್ಣಿನ ಏರಿಯ ಮೇಲೆ ನೀರು ಹರಿಯಬಾರದು. ಕಾಂಕ್ರೀಟ್ ಕಟ್ಟೆಯಾದರೆ ತಡೆದೀತು, ಮಣ್ಣು ತಡೆಯುವುದಿಲ್ಲ. ಹೊರಮೈಯಲ್ಲಿ ಒಂದು ಸೀಳು ಬಿದ್ದರೆ ಆಮೇಲೆ ಗಂಟೆಗಳ ಮಾತು. ಅದಕ್ಕೇ ಕೋಡಿಯ ಲೆಕ್ಕವನ್ನು ಒಮ್ಮೆಯಾದರೂ ಹಾಕಲೇಬೇಕು.

ನಿಮ್ಮ ಕೆರೆಗೆ 20 ಎಕರೆಯ ನೀರು ಹರಿದು ಬರುತ್ತದೆ ಅಂತ ಇಟ್ಟುಕೊಳ್ಳಿ. ಒಂದು ಗಂಟೆಯಲ್ಲಿ 75 ಮಿ.ಮೀ. ಮಳೆ ಹಿಡಿಯಿರಿ. ಜಾಸ್ತಿ ಅನ್ನಿಸಬಹುದು, ಆದರೆ ಏರಿ ಒಡೆಯುವುದು ಮಾಮೂಲಿ ಮಳೆಗಲ್ಲವಲ್ಲ. ನೆಲ ಮೊದಲೇ ನೆನೆದಿದ್ದು ಎಲ್ಲ ನೀರೂ ಹರಿದು ಬಂದರೆ ಗಂಟೆಗೆ ಸುಮಾರು 60 ಲಕ್ಷ ಲೀಟರ್, ಸೆಕೆಂಡಿಗೆ 1,700 ಲೀಟರ್. ಇಷ್ಟು ನೀರು ನಾಲ್ಕು ಮೀಟರ್ ಅಗಲದ ಕೋಡಿಯಲ್ಲಿ ಹೋಗಲು ಕೋಡಿಯ ತಳದ ಮೇಲೆ ಸುಮಾರು 40 ಸೆಂ.ಮೀ. ಏರುತ್ತದೆ. ಅದೇ ಎರಡು ಮೀಟರ್ ಅಗಲವಿದ್ದರೆ 60 ಸೆಂ.ಮೀ. ದಾಟುತ್ತದೆ. ಬಲೆ ಕಟ್ಟಿ ಅರ್ಧ ಮುಚ್ಚಿಹೋದ ನಾಲ್ಕು ಮೀಟರ್ ಕೋಡಿ ಎರಡು ಮೀಟರಿನದ್ದೇ ಆಯಿತು, ಅಲ್ವಾ?

ಕೋಡಿಯ ತಳಕ್ಕೂ ಏರಿಯ ತಲೆಗೂ ಕಡಿಮೆ ಅಂದರೂ ಒಂದು ಮೀಟರ್ ಅಂತರ ಇರಲಿ. ಕೋಡಿ ತುಂಬಿ ಹರಿಯುವಾಗಲೂ ಮೇಲೆ ಒಂದೂವರೆ ಅಡಿ ಉಳಿಯಬೇಕು. ಗಾಳಿಗೆ ಅಲೆ ಏಳುತ್ತದೆ, ಅದಕ್ಕೂ ಜಾಗ ಬೇಕು. ಕೋಡಿ ಏರಿಯ ಮಣ್ಣಿನ ಮೇಲೆ ಇರಬಾರದು, ಪಕ್ಕದ ಗಟ್ಟಿ ನೆಲದಲ್ಲಿರಬೇಕು. ಕೋಡಿಯ ನೀರು ತಿರುಗಿ ಏರಿಯ ಬುಡಕ್ಕೆ ಬಂದು ಬೀಳಬಾರದು. ನಮ್ಮ ಹಳೇ ಕೆರೆಗಳನ್ನು ನೋಡಿ, ಕೋಡಿ ಸಾಮಾನ್ಯವಾಗಿ ಒಂದು ತುದಿಯಲ್ಲಿ, ಬಂಡೆ ಇದ್ದ ಕಡೆ ಇರುತ್ತದೆ. ಕೋಡಿ ಬಿದ್ದಾಗ ಬಾಗಿನ ಕೊಡುವ ಊರುಗಳಲ್ಲಿ ಅದರ ಮುಂದೆ ಪೊದೆ ಬೆಳೆಯಲು ಜನ ಬಿಡುತ್ತಿರಲಿಲ್ಲ.

ಕೆರೆಯಲ್ಲಿ ಇನ್ನಷ್ಟು ನೀರು ನಿಲ್ಲಲಿ ಅಂತ ಕೋಡಿಗೆ ಎರಡು ಸಾಲು ಇಟ್ಟಿಗೆ ಅಥವಾ ಮರಳು ಚೀಲ ಏರಿಸುವ ಅಭ್ಯಾಸವಿದ್ದರೆ ಇವತ್ತೇ ತೆಗೆಯಿರಿ.

3. ಬುಡದಲ್ಲಿ ನಡೆಯಿರಿ

ಏರಿ ನೋಡುವುದು ಅಂದರೆ ಬಹಳ ಜನ ತಲೆಯ ಮೇಲೆ ನಡೆದು ಬರುತ್ತಾರೆ. ಅಲ್ಲಿ ಸೂರ್ಯಾಸ್ತ ಚೆನ್ನಾಗಿ ಕಾಣುತ್ತದೆ, ಏರಿಯ ರೋಗ ಕಾಣುವುದಿಲ್ಲ. ಹೊರಗಡೆ ಬುಡಕ್ಕೆ ಇಳಿದು, ಈ ತುದಿಯಿಂದ ಆ ತುದಿಗೆ ನಿಧಾನ ನಡೆಯಿರಿ. ಹುಲ್ಲು ಕೊಯ್ಸಿದ ಮೇಲೆ ಹೋಗಿ, ಇಲ್ಲದಿದ್ದರೆ ಏನೂ ತಿಳಿಯದು. ಎಲ್ಲ ಒಣಗಿರುವಾಗ ಒಂದೇ ಕಡೆ ಹುಲ್ಲು ಹಸಿರಾಗಿದ್ದರೆ, ಕೆಸುವಿನ ಗಿಡ ಎದ್ದಿದ್ದರೆ, ಕಾಲು ಹುಗಿಯುವ ಮೆತ್ತನೆ ಜಾಗ ಸಿಕ್ಕರೆ ಅಲ್ಲಿ ಗೂಟ ನೆಡಿ.

ಮಣ್ಣಿನ ಏರಿ ಸ್ವಲ್ಪ ಒಸರುವುದು ಸಹಜ. ಒಸರಿದ ಮಾತ್ರಕ್ಕೆ ಗಾಬರಿ ಬೇಡ. ಕೇಳಬೇಕಾದ ಪ್ರಶ್ನೆ ಎರಡೇ: ಎಷ್ಟು ಬರುತ್ತಿದೆ, ಯಾವ ಬಣ್ಣ?

ಇದನ್ನು ನನಗೆ ಕಲಿಸಿದ್ದು ನಮ್ಮ ತೋಟದ ಹಳೇ ಮೇಸ್ತ್ರಿ. ಒಸರುವ ಜಾಗದ ಕೆಳಗೆ ಗುದ್ದಲಿಯಿಂದ ಒಂದು ಗೇಣಗಲದ ಚಿಕ್ಕ ಕಾಲುವೆ ಎಳೆದ. ಕೊನೆಯಲ್ಲಿ ಒಂದು ತುಂಡು ಪಿವಿಸಿ ಪೈಪ್ ಮಲಗಿಸಿ ಸುತ್ತ ಜೇಡಿ ಮೆತ್ತಿದ. ನೀರೆಲ್ಲ ಪೈಪಿನಲ್ಲೇ ಬೀಳುವ ಹಾಗಾಯಿತು. ಅದರ ಕೆಳಗೆ ಒಂದು ಲೀಟರಿನ ಬಾಟಲ್ ಹಿಡಿದು "ಟೈಮ್ ನೋಡಣ್ಣಾ" ಅಂದ. ನಲವತ್ತು ಸೆಕೆಂಡಿಗೆ ತುಂಬಿತು. ಆಮೇಲೆ ಆ ಬಾಟಲನ್ನು ಕಲ್ಲಿನ ಮೇಲಿಟ್ಟು ಬೀಡಿ ಹಚ್ಚಿದ. ಅರ್ಧ ಗಂಟೆ ಬಿಟ್ಟು ಅದನ್ನು ಬಿಸಿಲಿಗೆ ಎತ್ತಿ ಹಿಡಿದು ತಳ ನೋಡಿದ. ಕಣ್ಣಿಗೆ ಕಾಣುವ ಮಣ್ಣೇನೂ ಕೂತಿರಲಿಲ್ಲ. "ಇದು ಬೆವರು ಅಷ್ಟೆ. ತಳದಲ್ಲಿ ಕೆಂಪು ಕೂತ್ರೆ ಏರಿ ಒಳಗಿಂದ ಕರಗ್ತಿದೆ ಅಂತ."

ಆ ಮಾತು ನೂರಕ್ಕೆ ನೂರು ಸರಿ. ತಿಳಿನೀರು ಹಾದು ಬಂದರೆ ಮಣ್ಣು ನಿಂತಿದೆ ಅಂತ ಅರ್ಥ. ಕದಡಿದ ನೀರು ಬಂದರೆ ಅದು ಏರಿಯ ಮಣ್ಣನ್ನೇ ಹೊತ್ತು ತರುತ್ತಿದೆ. ಒಳಗೆ ಕೊಳವೆಯಂತೆ ದಾರಿ ಕೊರೆದು, ಹಿಂದಕ್ಕೆ ಹಿಂದಕ್ಕೆ ಹೋಗಿ, ಕೆರೆಯ ನೀರನ್ನು ಮುಟ್ಟಿದರೆ ಮುಗಿಯಿತು. ತಿಂಗಳಿಗೊಮ್ಮೆ, ಮಳೆಗಾಲದಲ್ಲಿ ವಾರಕ್ಕೊಮ್ಮೆ, ಬಾಟಲ್ ತುಂಬಲು ಎಷ್ಟು ಸೆಕೆಂಡ್ ಬೇಕಾಯಿತು ಅಂತ ಬರೆಯಿರಿ. ಪಕ್ಕದಲ್ಲೇ ಕೆರೆಯ ನೀರಿನ ಮಟ್ಟವನ್ನೂ ಬರೆಯಿರಿ. ಅದಕ್ಕಾಗಿ ನೀರಿನಲ್ಲಿ ಅಡಿ-ಇಂಚು ಬರೆದ ಒಂದು ಕಂಬ ನಿಲ್ಲಿಸಿ. ಮಟ್ಟ ಏರಿದರೆ ಒಸರು ಏರುವುದು ಸಹಜ. ಮಟ್ಟ ಅಷ್ಟೇ ಇದ್ದು ನಲವತ್ತು ಸೆಕೆಂಡ್ ಇಪ್ಪತ್ತಾದರೆ ಎಂಜಿನಿಯರ್‌ಗೆ ಫೋನ್ ಮಾಡಿ.

ಹಿಂತಿರುಗುವಾಗ ತಲೆಯ ಮೇಲೆ ಬನ್ನಿ. ಏರಿಯ ಉದ್ದಕ್ಕೆ ಸಮನಾಗಿ ಓಡುವ ಬಿರುಕು ಕಂಡರೆ ಇಳಿಜಾರು ಜಾರುವ ಸೂಚನೆ ಇರಬಹುದು. ಅಡ್ಡಡ್ಡ ಬಿರುಕು ಇನ್ನೂ ಕೆಟ್ಟದ್ದು, ಅದು ನೀರಿಗೆ ಸೀದಾ ದಾರಿ. ಎರೆಮಣ್ಣಿನ ಏರಿ ಬೇಸಿಗೆಯಲ್ಲಿ ಬಾಯಿ ಬಿಡುವುದು ಮಾಮೂಲು, ಆದರೂ ಕೋಲು ಹಾಕಿ ಆಳ ನೋಡಿ.

4. ತೂಬು

ಏರಿ ಸೋರುವುದು ಜಾಸ್ತಿ ತೂಬಿನ ಪೈಪಿನ ಒಳಗಿಂದಲ್ಲ, ಅದರ ಹೊರಮೈ ಹಿಡಿದು. ಪೈಪಿನ ಕೆಳಗೆ ಮಣ್ಣು ದಮ್ಮಸ್ಸು ಮಾಡುವುದು ಕಷ್ಟ, ಅಲ್ಲಿ ಪೊಳ್ಳು ಉಳಿಯುತ್ತದೆ. ಪೈಪ್ ಹೊರಬರುವ ಜಾಗದ ಸುತ್ತ ಒದ್ದೆ ಇದೆಯಾ ಅಂತ ಬೆರಳಿಟ್ಟು ನೋಡಿ.

ವಾಲ್ವ್ ಕೆರೆಯ ಒಳಗಡೆ ತುದಿಯಲ್ಲಿರಬೇಕು. ಹೊರಗಡೆ ಇಟ್ಟರೆ ತಿರುಗಿಸಲು ಸುಲಭ ನಿಜ. ಆದರೆ ಏರಿಯೊಳಗಿನ ಪೈಪಿನಲ್ಲಿ ಸದಾ ಒತ್ತಡದ ನೀರು ನಿಂತಿರುತ್ತದೆ, ಒಂದು ಜಾಯಿಂಟ್ ಬಿಟ್ಟರೆ ಏರಿಯ ಹೊಟ್ಟೆಯಲ್ಲೇ ಬುಗ್ಗೆ. ಹಳೇ ಕೆರೆಗಳಲ್ಲಿ ನೀರಿನ ನಡುವೆ ನಿಂತ ಎರಡು ಕಲ್ಲು ಕಂಬ ಕಾಣುತ್ತವಲ್ಲ, ಅಲ್ಲಿ ತೂಬಿನ ಬಾಯಿ ಮುಚ್ಚುವ ಬಿರಡೆ ಎತ್ತಿ ಇಳಿಸುತ್ತಿದ್ದರು. ಅಂದರೆ ನೀರನ್ನು ಒಳಗಡೆಯೇ ತಡೆಯುತ್ತಿದ್ದರು.

ವರ್ಷಕ್ಕೆರಡು ಸಲ ತೂಬನ್ನು ಪೂರ್ತಿ ತೆರೆದು ಮುಚ್ಚಿ. ಹೂಳು ತುಂಬಿ ಕೂತ ತೂಬು ಬೇಕಾದ ದಿನ ಏಳುವುದಿಲ್ಲ.

5. ಮರ, ಬಿಲ, ಏಡಿ

ಏರಿಯ ಮೇಲೆ ಗರಿಕೆ ಬೆಳೆಯಲಿ, ಲಾವಂಚ ಬೆಳೆಯಲಿ. ಮರ ಬೇಡ. ಬೇರು ದಾರಿ ಮಾಡುತ್ತದೆ, ಗಾಳಿಗೆ ಮರ ಬಿದ್ದರೆ ಬುಡದ ಜೊತೆ ಏರಿಯ ಒಂದು ತುಂಡೇ ಎದ್ದು ಬರುತ್ತದೆ. ಅಮೆರಿಕದ ಜಾರ್ಜಿಯಾದಲ್ಲಿ ಕೆಲ್ಲಿ ಬಾರ್ನ್ಸ್ ಅಂತ ಸುಮಾರು 12 ಮೀಟರ್ ಎತ್ತರದ ಅಣೆಕಟ್ಟು ಇತ್ತು. ಕರೆಂಟ್ ತಯಾರಿ ನಿಂತ ಮೇಲೆ ಮೋಜಿನ ಕೆರೆಯಾಗಿ ಉಳಿದಿತ್ತು. ಹೊರಮೈ ಕಡಿದಾಗಿತ್ತು, ಅದರ ಮೇಲೆ ಮರಗಿಡ ಬೆಳೆದಿದ್ದವು. 1977ರ ನವೆಂಬರ್ 6ರ ನಸುಕಿನಲ್ಲಿ ಒಡೆದು, ಕೆಳಗಿದ್ದ ಕಾಲೇಜಿನ ಆವರಣದಲ್ಲಿ 39 ಜನ ಸತ್ತರು.

ಆದರೆ ಈಗಾಗಲೇ ದೊಡ್ಡ ಮರ ಇದ್ದರೆ ಓದಿದ ಕೂಡಲೇ ಕೊಡಲಿ ಹಿಡಿಯಬೇಡಿ. ಕಡಿದ ಮರದ ಬೇರು ಕೊಳೆತು ನಾಲ್ಕೈದು ವರ್ಷದಲ್ಲಿ ಟೊಳ್ಳು ಕೊಳವೆ ಆಗುತ್ತದೆ. ನೀರು ಇಳಿಸಿ, ಬೇರು ಸಮೇತ ತೆಗೆದು, ಗುಂಡಿಯನ್ನು ಪದರ ಪದರವಾಗಿ ತುಂಬಿ ಗಟ್ಟಿ ಮಾಡಬೇಕು. ಅದು ತಿಳಿದವರ ಕೆಲಸ. ಮೊಣಕೈ ಗಾತ್ರಕ್ಕಿಂತ ಸಣ್ಣ ಗಿಡಗಳನ್ನು ಮಾತ್ರ ಈ ವರ್ಷವೇ ಕಿತ್ತುಹಾಕಿ.

ಹೆಗ್ಗಣ, ಮುಳ್ಳುಹಂದಿ, ಗೆದ್ದಲು, ಏಡಿ ಎಲ್ಲವೂ ಏರಿಯ ಬಾಡಿಗೆದಾರರು. 2019ರ ಜುಲೈ 2ರಂದು ರತ್ನಾಗಿರಿ ಜಿಲ್ಲೆಯ ತಿವರೆ ಅಣೆಕಟ್ಟು ಒಡೆದು ಇಪ್ಪತ್ತರ ಆಸುಪಾಸು ಜನ ಕೊಚ್ಚಿಹೋದಾಗ, ಮಹಾರಾಷ್ಟ್ರದ ಆಗಿನ ಸಚಿವರೊಬ್ಬರು ತಪ್ಪೆಲ್ಲ ಏಡಿಗಳದ್ದು ಅಂದರು. ಜನ ನಕ್ಕರು, ಬೈದರು. ಏಡಿ ಬಿಲ ತೋಡುವುದು ಸುಳ್ಳಲ್ಲ. ಆದರೆ ಸೋರುತ್ತಿದೆ ಎಂದು ಊರಿನವರು ಮೊದಲೇ ದೂರಿದ್ದರು. ಬಿಲ ಕಂಡ ದಿನವೇ ಅಗೆದು ತುದಿ ನೋಡಿ, ಒದ್ದೆ ಮಾಡಿದ ಜೇಡಿಮಣ್ಣು ತುಂಬಿ, ಹಾರೆಯ ಹಿಡಿಯಿಂದ ಜಡಿದರೆ ಏಡಿಯ ಮೇಲೆ ದೂರು ಹಾಕುವ ಪ್ರಮೇಯ ಬರುವುದಿಲ್ಲ.

6. ಚೆಂದ ಮಾಡುವ ಮುಂಚೆ ಕೇಳಿ

ಹೋಮ್‌ಸ್ಟೇ ಇಟ್ಟವರಿಗೆ ಇದು ಕಹಿ ಅನ್ನಿಸಬಹುದು. ಏರಿಯ ತಲೆಗೆ ದೀಪದ ಕಂಬ ನೆಡಲು ಗುಂಡಿ, ಕೇಬಲ್‌ಗೆ ಕಾಲುವೆ, ಗೆಜಿಬೋಗೆ ಪಾಯ, ಮೆಟ್ಟಿಲಿಗಾಗಿ ಹೊರಮೈ ಕೊರೆಯುವುದು ಯಾವುದೂ ಬೇಡ. ಬುಡದಲ್ಲಿ ಈಜುಕೊಳ ತೋಡುವುದಂತೂ ಏರಿಯ ಕಾಲು ಕತ್ತರಿಸಿದಂತೆ. ಬೆಂಗಳೂರಿನ ಹುಳಿಮಾವು ಕೆರೆ 2019ರ ನವೆಂಬರ್ 24ರಂದು ಒಡೆದದ್ದು ಏರಿ ಅಗೆದದ್ದಕ್ಕೆ. ನೂರಾರು ಮನೆಗಳಿಗೆ ನೀರು ನುಗ್ಗಿತು. ಜೆಸಿಬಿಯವನಿಗೆ ಅದು ಬರೀ ಮಣ್ಣಿನ ದಿಬ್ಬ, ಅದರ ಹಿಂದೆ ಏನು ನಿಂತಿದೆ ಅಂತ ಹೇಳುವವರು ನೀವೇ.

ಬೆಂಚು ಬೇಕಾದರೆ ಮಣ್ಣಿನ ಮೇಲೆ ಇಡುವಂಥದ್ದು ಇಡಿ. ಜೀಪ್ ಓಡಿಸಲೇಬೇಕಾದರೆ ತಲೆಗೆ ಗ್ರಾವೆಲ್ ಹಾಕಿ, ಗಾಲಿಯ ಗುಂಡಿಯಲ್ಲಿ ನೀರು ನಿಲ್ಲದ ಹಾಗೆ ಕೆರೆಯ ಕಡೆ ಓರೆ ಕೊಡಿ.

ಮೀನಿಗೆ ಏನು ಮಾಡೋಣ? ಕೋಡಿಗಿಂತ ಹತ್ತು ಹದಿನೈದು ಅಡಿ ಮುಂದೆ, ನೀರಿನಲ್ಲಿ, ಕೋಡಿಯ ಮೂರ್ನಾಲ್ಕು ಪಟ್ಟು ಉದ್ದಕ್ಕೆ ಕಮಾನಿನ ಹಾಗೆ ದೊಡ್ಡ ಕಣ್ಣಿನ ಬಲೆ ಹಾಕುವವರಿದ್ದಾರೆ. ಅದನ್ನೂ ಮಳೆ ಬಂದಾಗಲೆಲ್ಲ ಬಿಡಿಸಬೇಕು. ನನ್ನ ಕೇಳಿದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಲೆಯೇ ಬೇಡ, ಹೋಗುವ ಮೀನು ಹೋಗಲಿ.

7. ನೀರಿಗೆ ಇಳಿಯುವವರು

ಏರಿ ಒಡೆಯುವುದು ಅಪರೂಪ, ಮುಳುಗಿ ಸಾಯುವುದು ಅಪರೂಪವಲ್ಲ. ಏರಿಯ ಒಳಮೈ ಬೇಗ ಆಳಕ್ಕಿಳಿಯುತ್ತದೆ, ಪಾಚಿ ಕಟ್ಟಿದ ಕಲ್ಲು ಜಾರುತ್ತದೆ. ಇಳಿಯುವ ಜಾಗ ಏರಿಯಿಂದ ದೂರ, ಹಿನ್ನೀರಿನ ತೆಳು ಇಳಿಜಾರಿನಲ್ಲಿರಲಿ. ಅಲ್ಲಿ ಆಳ ಬರೆದ ಹಲಗೆ ನಿಲ್ಲಿಸಿ. ಹಗ್ಗ ಕಟ್ಟಿದ ಟ್ಯೂಬ್, ಉದ್ದ ಬಿದಿರು ಸದಾ ಅಲ್ಲೇ ಇರಲಿ, ಸ್ಟೋರ್ ರೂಮಿನಲ್ಲಲ್ಲ. ದೋಣಿ ಹತ್ತುವ ಎಲ್ಲರಿಗೂ ಲೈಫ್ ಜಾಕೆಟ್, ಈಜು ಬರುವವರಿಗೂ. ತೂಬು ತೆರೆದಾಗ, ಕೋಡಿ ಹರಿಯುವಾಗ ಯಾರೂ ನೀರಿಗಿಳಿಯಬಾರದು. ಪ್ಲಾಸ್ಟಿಕ್ ಹಾಸಿದ ಕೃಷಿ ಹೊಂಡವಾದರೆ ಬೇಲಿ ಬೇಕೇ ಬೇಕು. ಒದ್ದೆ ಟಾರ್ಪಾಲಿನ ಮೇಲೆ ಈಜುಗಾರನೂ ಹತ್ತಿ ಬರಲಾರ. ನಾಲ್ಕೂ ಬದಿಗೆ ಗಂಟು ಹಾಕಿದ ಹಗ್ಗ ಇಳಿಬಿಡಿ.

8. ಆ ರಾತ್ರಿ ಬಂದರೆ

ಮೊದಲು ಕೆಳಗಿನವರಿಗೆ ಹೇಳಿ. ತೋಟದ ಕೆಲಸದವರ ಲೈನ್ ಮನೆ, ಗದ್ದೆ ಬದಿಯ ಗುಡಿಸಲು, ಹಳ್ಳದ ಪಕ್ಕದ ಟೆಂಟು, ಎಲ್ಲರನ್ನೂ ಎತ್ತರಕ್ಕೆ ಕಳಿಸಿ. 112ಕ್ಕೆ ಕರೆ ಮಾಡಿ. ಏರಿ ಉಳಿಸುವ ಕೆಲಸ ಅದಾದ ಮೇಲೆ.

ನೀರು ಇಳಿಸಿ. ಕೋಡಿ ಬಿಡಿಸಿ, ತೂಬು ತೆರೆಯಿರಿ, ಪಂಪ್ ಹಾಕಿ. ನಾಲ್ಕಿಂಚಿನ ಪೈಪನ್ನು ಏರಿಯ ಮೇಲೆ ಹಾಯಿಸಿ, ಎರಡೂ ತುದಿ ಮುಚ್ಚಿ, ಮೇಲಿನ ತೂತಿನಿಂದ ಪೂರ್ತಿ ನೀರು ತುಂಬಿ, ತೂತು ಬಿಗಿದು, ತುದಿಗಳನ್ನು ಬಿಟ್ಟರೆ ಸೈಫನ್ ಆಗುತ್ತದೆ. ಹೊರ ತುದಿ ಹತ್ತಡಿ ತಗ್ಗಿನಲ್ಲಿದ್ದರೆ ಸೆಕೆಂಡಿಗೆ 20 ಲೀಟರಿನ ಆಸುಪಾಸು ಹೋಗುತ್ತದೆ. ಇದನ್ನು ಬೇಸಿಗೆಯಲ್ಲೇ ಒಮ್ಮೆ ಮಾಡಿ ಅಭ್ಯಾಸವಿಟ್ಟುಕೊಳ್ಳಿ. ಮಳೆಯಲ್ಲಿ, ಕತ್ತಲಲ್ಲಿ ಕಲಿಯುವ ವಿದ್ಯೆ ಅಲ್ಲ. ತುರ್ತು ಇಲ್ಲದ ದಿನಗಳಲ್ಲಿ ಮಾತ್ರ ದಿನಕ್ಕೆ ಒಂದಡಿಗಿಂತ ಜಾಸ್ತಿ ಇಳಿಸಬೇಡಿ. ನೆನೆದ ಒಳಮೈಗೆ ನೀರಿನ ಆಸರೆ ತಟ್ಟನೆ ತಪ್ಪಿದರೆ ಅದು ಜಾರುತ್ತದೆ.

ಬುಡದಲ್ಲಿ ಕೆಂಪು ನೀರು ಚಿಮ್ಮುತ್ತಿದ್ದರೆ ಅದರ ಬಾಯಿ ಮುಚ್ಚಬೇಡಿ. ಸಿಮೆಂಟ್, ಜೇಡಿ, ಪ್ಲಾಸ್ಟಿಕ್ ತುರುಕಿದರೆ ನೀರು ಇನ್ನೊಂದು ದಾರಿ ಹುಡುಕುತ್ತದೆ. ನೀರನ್ನು ಬಿಡಬೇಕು, ಮಣ್ಣನ್ನು ಹಿಡಿಯಬೇಕು. ಮೊದಲು ದಪ್ಪ ಮರಳು, ಅದರ ಮೇಲೆ ಸಣ್ಣ ಜಲ್ಲಿ, ಅದರ ಮೇಲೆ ದಪ್ಪ ಕಲ್ಲು ಹೇರಿ. ಅದಕ್ಕಾಗಿ ಅರ್ಧ ಲೋಡ್ ಮರಳು, ಅರ್ಧ ಲೋಡ್ ಜಲ್ಲಿ ಏರಿಯ ಹತ್ತಿರವೇ ಬಿದ್ದಿರಲಿ. ಒಳಗಡೆ ನೀರಿನಲ್ಲಿ ಸುಳಿ ಕಂಡರೆ ಅಲ್ಲಿಗೆ ಮಾತ್ರ ಮರಳು ಚೀಲ, ಹುಲ್ಲಿನ ಪಿಂಡಿ, ಟಾರ್ಪಾಲ್ ಇಳಿಸಬಹುದು, ಅದೂ ದಡದಿಂದ. ಹೊರಮೈ ಕುಸಿಯಲು ಶುರುವಾದರೆ ಎಲ್ಲ ಬಿಟ್ಟು ಓಡಿ.

ಹೊಸದಾಗಿ ಕಟ್ಟುವವರಿಗೆ ಎರಡು ಮಾತು

ಒಂದು ಗಾಜಿನ ಲೋಟದಲ್ಲಿ ಮಳೆನೀರು ಇಟ್ಟು, ಗೋಲಿ ಗಾತ್ರದ ಮಣ್ಣಿನ ಹೆಂಟೆಯನ್ನು ಮೆಲ್ಲಗೆ ಬಿಡಿ. ಅಲುಗಿಸಬೇಡಿ. ಹೆಂಟೆ ಕುಸಿದು ಗುಡ್ಡೆಯಾಗಿ ಕೂತು, ನೀರು ತಿಳಿಯಾಗಿದ್ದರೆ ಸರಿ. ಸುತ್ತ ಹಾಲಿನ ಹಾಗೆ ಮಬ್ಬು ಹರಡಿದರೆ ಆ ಮಣ್ಣು ನೀರಿನಲ್ಲಿ ತಾನಾಗಿ ಕರಗುವ ಜಾತಿ. ಲ್ಯಾಬಿಗೆ ಕಳಿಸದೆ ಅದರಲ್ಲಿ ಏರಿ ಕಟ್ಟಬೇಡಿ. ಮಣ್ಣನ್ನು ಅರ್ಧ ಅಡಿಯ ಪದರದಲ್ಲಿ ಹಾಕಿ, ಹದವಾಗಿ ನೆನೆಸಿ, ರೋಲರ್ ಓಡಿಸಬೇಕು. ಜೆಸಿಬಿ ಎತ್ತಿ ಸುರಿದ ರಾಶಿ ಏರಿಯಲ್ಲ.

ಕಾನೂನು ನಿಮ್ಮನ್ನು ಕಾಯುತ್ತದೆ ಅಂದುಕೊಳ್ಳಬೇಡಿ. 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ 15 ಮೀಟರಿಗಿಂತ ಎತ್ತರದವಕ್ಕೆ, ಮತ್ತೆ 10ರಿಂದ 15 ಮೀಟರಿನಲ್ಲಿ ಕೆಲವು ಷರತ್ತಿನವಕ್ಕೆ ಮಾತ್ರ. ನಮ್ಮ ಹದಿಮೂರು ಅಡಿಯ ಏರಿಯನ್ನು ಆ ಕಾಯ್ದೆಯಡಿ ತಪಾಸಣೆಗೆ ಯಾರೂ ಬರುವುದಿಲ್ಲ. ಹಾಗಂತ ಹಳ್ಳಕ್ಕೆ ಅಡ್ಡ ಕಟ್ಟುವುದಾದರೆ ಮೊದಲು ಪಂಚಾಯಿತಿ, ಸಣ್ಣ ನೀರಾವರಿ ಇಲಾಖೆಯಲ್ಲಿ ಕೇಳಿ.

ಭಾವ ಈಗ ಬಲೆ ಕಟ್ಟುವುದಿಲ್ಲ. ನಡುವಿನ ಎಂಟು ಇಂಚು ತಗ್ಗನ್ನೂ ತುಂಬಿಸಿ ರೋಲ್ ಮಾಡಿಸಿದ್ದಾರೆ. ಕೋಡಿ ಬಿದ್ದ ದಿನ ಕಾಟ್ಲಾ ಮರಿಗಳು ಕೆಳಗಿನ ಗದ್ದೆಗೆ ಇಳಿಯುತ್ತವೆ, ಗದ್ದೆಯವರು ಕೂಣಿ (ಮೀನಿನ ಬೋನು) ಒಡ್ಡಿ ಹಿಡಿಯುತ್ತಾರೆ. ಹಿಡಿದ ಮೇಲೆ ಫೋನ್ ಮಾಡುತ್ತಾರೆ: "ನಿಮ್ಮ ಮೀನು ಬರಕ್ಕೆ ಶುರುವಾಯ್ತು, ಕೋಡಿ ಹೋಗಿ ನೋಡಿ."